ಒಂದು ಸ್ಥಾನ, ಎರಡು ಸ್ಥಾನ: ವಿಧೇಯ ತರ್ಕದಲ್ಲಿ ನಿರ್ಣಯದ ಗಡಿ

ಪ್ರಶ್ನೆ ಮತ್ತು ವಾದ

ಗಣಿತ ತರ್ಕದ ಪಾಠ ಶುರುವಾಗುವುದು ಬಹುಮಟ್ಟಿಗೆ ಒಂದೇ ಉದಾಹರಣೆಯಿಂದ. ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಮರ್ತ್ಯ. ಇದರಲ್ಲಿರುವ ವಿಧೇಯಗಳು ಎರಡು: ‘ಮನುಷ್ಯ’ ಮತ್ತು ‘ಮರ್ತ್ಯ’. ಎರಡೂ ಒಂದೊಂದೇ ವಸ್ತುವಿನ ಮೇಲೆ ನಿಲ್ಲುತ್ತವೆ. ಆದರೆ ಗಣಿತದ ಪುಟವನ್ನು ತೆರೆದರೆ ಇಂಥ ವಿಧೇಯಗಳಿಗಿಂತ ಬೇರೆ ಬಗೆಯವೇ ಹೆಚ್ಚು ಕಾಣುತ್ತವೆ: ಇದು ಅದಕ್ಕಿಂತ ದೊಡ್ಡದು, ಇದು ಅದನ್ನು ಶೇಷವಿಲ್ಲದೆ ಭಾಗಿಸುತ್ತದೆ, ಈ ಬಿಂದು ಆ ರೇಖೆಯ ಮೇಲಿದೆ, ಈ ಬಿಂದು ಆ ಎರಡರ ನಡುವೆ ಇದೆ. ಇವು ಎರಡು ಅಥವಾ ಮೂರು ವಸ್ತುಗಳನ್ನು ಒಟ್ಟಿಗೆ ಹಿಡಿಯುತ್ತವೆ.

ಒಂದು ವಸ್ತುವಿನ ವಿಧೇಯಕ್ಕೂ ಎರಡು ವಸ್ತುಗಳ ವಿಧೇಯಕ್ಕೂ ಇರುವ ಅಂತರವನ್ನು ಪಠ್ಯಪುಸ್ತಕಗಳು ಬರೀ ಸಂಖ್ಯೆಯ ಅಂತರವೆಂಬಂತೆ ದಾಟಿಬಿಡುತ್ತವೆ. ಈ ಟಿಪ್ಪಣಿಯ ವಾದ ಬೇರೆ. ತರ್ಕದ ಇತಿಹಾಸದಲ್ಲೂ ಸಿದ್ಧಾಂತದಲ್ಲೂ ಅತ್ಯಂತ ನಿರ್ಣಾಯಕವಾದ ಹೆಜ್ಜೆ ಒಂದರಿಂದ ಎರಡಕ್ಕೆ ಹೋಗುವ ಹೆಜ್ಜೆಯೇ. ಒಂದು ಸ್ಥಾನದ ವಿಧೇಯಗಳಷ್ಟೇ ಇರುವ ತರ್ಕದಲ್ಲಿ ಯಾವುದೇ ವಾಕ್ಯ ಸಿಂಧುವೋ ಅಲ್ಲವೋ ಎಂಬುದನ್ನು ಯಾಂತ್ರಿಕವಾಗಿ ತೀರ್ಮಾನಿಸಬಹುದು. ಎರಡು ಸ್ಥಾನದ ಒಂದೇ ಒಂದು ವಿಧೇಯ ಸೇರಿದರೂ ಆ ಭರವಸೆ ಉಳಿಯುವುದಿಲ್ಲ. ಎರಡರಿಂದ ಮೂರಕ್ಕೆ, ಮೂರರಿಂದ ನೂರಕ್ಕೆ ಹೋದರೂ ಇಂಥ ಹೊಸ ತಿರುವು ಇನ್ನೊಂದು ಬರುವುದಿಲ್ಲ. ಈ ಗಡಿ ಹೇಗೆ ಕಂಡುಬಂತು, ಏಕೆ ಅಲ್ಲೇ ಇದೆ, ಎಷ್ಟು ನಿಖರವಾಗಿ ಅದನ್ನು ಗುರುತಿಸಬಹುದು ಎಂಬುದನ್ನು ಮುಂದೆ ಕ್ರಮವಾಗಿ ನೋಡಲಾಗಿದೆ.

ವಿಧೇಯ ಮತ್ತು ಅದರ ಸ್ಥಾನಗಳು

ಒಂದು ಹೇಳಿಕೆಯಿಂದ ವಸ್ತುಗಳ ಹೆಸರುಗಳನ್ನು ತೆಗೆದರೆ ಖಾಲಿ ಜಾಗಗಳಿರುವ ಚೌಕಟ್ಟು ಉಳಿಯುತ್ತದೆ. ‘7 ಅವಿಭಾಜ್ಯ ಸಂಖ್ಯೆ’ ಎಂಬುದರಿಂದ 7ನ್ನು ತೆಗೆದರೆ ಒಂದು ಖಾಲಿ ಜಾಗ. ‘3 ಎಂಬುದು 12ನ್ನು ಭಾಗಿಸುತ್ತದೆ’ ಎಂಬುದರಿಂದ ಎರಡು ಸಂಖ್ಯೆಗಳನ್ನೂ ತೆಗೆದರೆ ಎರಡು ಖಾಲಿ ಜಾಗ. ಈ ಚೌಕಟ್ಟೇ ವಿಧೇಯ, ಖಾಲಿ ಜಾಗಗಳೇ ಅದರ ಸ್ಥಾನಗಳು. ಸ್ಥಾನಗಳಿಗೆ ವಸ್ತುಗಳನ್ನು ತುಂಬಿದಾಗ ನಿಜ ಅಥವಾ ಸುಳ್ಳು ಎಂಬ ಉತ್ತರ ಬರುತ್ತದೆ. ವಸ್ತುವಿನ ಬದಲು ಚರವನ್ನಿಟ್ಟು, ಅದರ ಮುಂದೆ ‘ಪ್ರತಿಯೊಂದಕ್ಕೂ’ ಅಥವಾ ‘ಕನಿಷ್ಠ ಒಂದಕ್ಕೆ’ ಎಂಬ ಪರಿಮಾಣಸೂಚಕವನ್ನು ಹಚ್ಚಿದರೆ ಸಾಮಾನ್ಯ ಹೇಳಿಕೆಗಳು ಹುಟ್ಟುತ್ತವೆ.

ಯಾವ ವಸ್ತುಗಳ ಬಗ್ಗೆ ಮಾತಾಡುತ್ತೇವೋ ಆ ಗಣವನ್ನು ಇಲ್ಲಿ ವಸ್ತುಕ್ಷೇತ್ರ ಎಂದು ಕರೆದಿದ್ದೇನೆ. ಅದು ಖಾಲಿಯಾಗಿರುವಂತಿಲ್ಲ. ಒಂದು ವಸ್ತುಕ್ಷೇತ್ರವನ್ನು ಆರಿಸಿ, ಅದರಲ್ಲಿ ಪ್ರತಿ ವಿಧೇಯವೂ ಎಲ್ಲೆಲ್ಲಿ ನಿಜ ಎಂದು ಗೊತ್ತುಮಾಡಿದರೆ ಒಂದು ಮಾದರಿ ಸಿದ್ಧವಾಗುತ್ತದೆ. ಎಲ್ಲ ಮಾದರಿಗಳಲ್ಲೂ ನಿಜವಾಗುವ ವಾಕ್ಯ ಸಿಂಧು. ಒಂದಾದರೂ ಮಾದರಿಯಲ್ಲಿ ನಿಜವಾಗುವ ವಾಕ್ಯ ಸುಸಂಗತ. ಈ ಎರಡು ಪರಿಕಲ್ಪನೆಗಳು ಒಂದಕ್ಕೊಂದು ಕನ್ನಡಿ: ಒಂದು ವಾಕ್ಯ ಸಿಂಧುವಾಗಿದ್ದರೆ ಅದರ ನಿಷೇಧ ಸುಸಂಗತವಲ್ಲ, ಹಾಗೆಯೇ ತಿರುಗುಮುರುಗಾಗಿ. ಆದ್ದರಿಂದ ಒಂದನ್ನು ತೀರ್ಮಾನಿಸುವ ವಿಧಾನ ಸಿಕ್ಕರೆ ಇನ್ನೊಂದಕ್ಕೂ ಸಿಕ್ಕಂತೆಯೇ. ಈ ಟಿಪ್ಪಣಿಯ ವ್ಯಾಪ್ತಿ ಮೊದಲ ದರ್ಜೆಯ ತರ್ಕಕ್ಕೆ ಸೀಮಿತ. ಅಂದರೆ ಇಲ್ಲಿ ಪರಿಮಾಣಸೂಚಕಗಳು ವಸ್ತುಗಳ ಮೇಲೆ ಮಾತ್ರ ಓಡುತ್ತವೆ, ವಿಧೇಯಗಳ ಮೇಲಲ್ಲ.

ಡಿ ಮಾರ್ಗನ್‌ನಿಂದ ಫ್ರೇಗೆಯವರೆಗೆ

ಅರಿಸ್ಟಾಟಲ್‌ನ ನ್ಯಾಯವಾಕ್ಯಗಳ ಪದ್ಧತಿ ವಾಕ್ಯವನ್ನು ಉದ್ದೇಶ್ಯ, ವಿಧೇಯ ಎಂದು ಎರಡಾಗಿ ಒಡೆಯುತ್ತದೆ. ಎಲ್ಲ ಅ ಗಳು ಆ ಗಳು, ಯಾವ ಅ ಯೂ ಆ ಅಲ್ಲ, ಕೆಲವು ಅ ಗಳು ಆ ಗಳು, ಕೆಲವು ಅ ಗಳು ಆ ಗಳಲ್ಲ ಎಂಬ ನಾಲ್ಕು ರೂಪಗಳಲ್ಲಿ ಅದರ ವ್ಯವಹಾರವೆಲ್ಲ ಮುಗಿಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಯುರೋಪಿನ ತರ್ಕ ಬಹುಪಾಲು ಈ ಚೌಕಟ್ಟಿನಲ್ಲೇ ನಡೆಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇವೆಲ್ಲ ಒಂದು ಸ್ಥಾನದ ವಿಧೇಯಗಳ ವಾಕ್ಯಗಳು.

ಈ ಚೌಕಟ್ಟಿಗೆ ಸಿಕ್ಕದ ಒಂದು ಸರಳ ಅನುಮಾನವನ್ನು ಆಗಸ್ಟಸ್ ಡಿ ಮಾರ್ಗನ್ 1847ರ ತನ್ನ ತರ್ಕಗ್ರಂಥದಲ್ಲಿ ಎತ್ತಿ ತೋರಿಸಿದ. ಮನುಷ್ಯ ಪ್ರಾಣಿಯಾದ್ದರಿಂದ ಮನುಷ್ಯನ ತಲೆ ಪ್ರಾಣಿಯೊಂದರ ತಲೆ. ಈ ಅನುಮಾನದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ನ್ಯಾಯವಾಕ್ಯಗಳ ಯಾವ ಜೋಡಣೆಯಿಂದಲೂ ಇದು ಹೊರಡುವುದಿಲ್ಲ. ಕಾರಣ, ‘ಇದು ಅದರ ತಲೆ’ ಎಂಬುದು ಎರಡು ವಸ್ತುಗಳ ನಡುವಿನ ಸಂಬಂಧ; ಅದನ್ನು ಒಂದೇ ತುಂಡು ವಿಧೇಯವಾಗಿ ನೋಡಿದರೆ ಒಳಗಿರುವ ‘ಮನುಷ್ಯ’ ಕಾಣದೇ ಹೋಗುತ್ತದೆ. 1806ರಲ್ಲಿ ಮಧುರೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಡಿ ಮಾರ್ಗನ್, 1860ರ ಪ್ರಬಂಧದಲ್ಲಿ ಸಂಬಂಧಗಳನ್ನೇ ತರ್ಕದ ವಸ್ತುವನ್ನಾಗಿ ಮಾಡಿಕೊಂಡ. ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1870ರಲ್ಲಿ ಸಂಬಂಧಗಳಿಗೆ ಬೀಜಗಣಿತದ ಸಂಕೇತಗಳನ್ನು ಕಟ್ಟಿದ. 1885ರ ಹೊತ್ತಿಗೆ ಅವನ ಬರವಣಿಗೆಯಲ್ಲಿ ಪರಿಮಾಣಸೂಚಕಗಳು ಸ್ಪಷ್ಟ ರೂಪ ಪಡೆದಿದ್ದವು.

ಇವರಿಂದ ಸ್ವತಂತ್ರವಾಗಿ ಜರ್ಮನಿಯ ಯೇನಾದಲ್ಲಿ ಗೊಟ್ಲೋಬ್ ಫ್ರೇಗೆ 1879ರಲ್ಲಿ ‘ಬೆಗ್ರಿಫ್ಸ್‌ಶ್ರಿಫ್ಟ್’ ಎಂಬ ಚಿಕ್ಕ ಪುಸ್ತಕವನ್ನು ಪ್ರಕಟಿಸಿದ. ಉದ್ದೇಶ್ಯ-ವಿಧೇಯ ಎಂಬ ವಿಭಜನೆಯನ್ನು ಬಿಟ್ಟು ಗಣಿತದ ಫಂಕ್ಷನ್‌ನಂತೆ ವಾಕ್ಯವನ್ನು ಒಡೆಯಬೇಕು ಎಂಬುದು ಅವನ ನಿಲುವು. ಒಂದೇ ವಾಕ್ಯವನ್ನು ಬೇರೆ ಬೇರೆ ರೀತಿ ಒಡೆಯಬಹುದು. ಎಷ್ಟು ಸ್ಥಾನಗಳನ್ನು ಬೇಕಾದರೂ ತೆರೆಯಬಹುದು. ಒಂದು ಪರಿಮಾಣಸೂಚಕದ ಒಳಗೆ ಇನ್ನೊಂದನ್ನು ಇಡಬಹುದು. 1891ರ ಉಪನ್ಯಾಸದಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಪರಿಕಲ್ಪನೆ ಎಂದರೆ ನಿಜ ಅಥವಾ ಸುಳ್ಳನ್ನೇ ಬೆಲೆಯಾಗಿ ಕೊಡುವ ಫಂಕ್ಷನ್. ತನ್ನಷ್ಟಕ್ಕೆ ಅದು ಅಪೂರ್ಣ, ಸ್ಥಾನ ತುಂಬಿದಾಗಲೇ ಪೂರ್ಣ. ಇಂದಿನ ವಿಧೇಯ ತರ್ಕದ ಅಡಿಪಾಯ ಇದೇ.

ಫ್ರೇಗೆಗೂ ಪರ್ಸ್‌ಗೂ ಬೇಕಾಗಿದ್ದದ್ದು ಗಣಿತವನ್ನು ಪೂರ್ಣವಾಗಿ ಹೇಳಬಲ್ಲ ಭಾಷೆ. ಆ ಶಕ್ತಿಗೆ ತೆರಬೇಕಾದ ಬೆಲೆ ಏನು ಎಂಬ ಪ್ರಶ್ನೆ ಎದ್ದದ್ದು ಅನಂತರ.

ಒಂದೇ ಸ್ಥಾನದ ತರ್ಕ

ಒಂದು ಸ್ಥಾನದ ಮೂರು ವಿಧೇಯಗಳಿವೆ ಎಂದಿಟ್ಟುಕೊಳ್ಳೋಣ: ಸಮಸಂಖ್ಯೆ, ವರ್ಗಸಂಖ್ಯೆ, ಹತ್ತಕ್ಕಿಂತ ದೊಡ್ಡ ಸಂಖ್ಯೆ. ಯಾವುದೇ ವಸ್ತುವಿಗೆ ಕೇಳಬಹುದಾದ ಪ್ರಶ್ನೆಗಳು ಮೂರೇ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಆದ್ದರಿಂದ ವಸ್ತುಗಳು ಎಂಟು ಬಗೆಗಳಲ್ಲಿ ಯಾವುದಾದರೂ ಒಂದಕ್ಕೆ ಸೇರುತ್ತವೆ. ಜಾನ್ ವೆನ್ 1880ರಲ್ಲಿ ಪ್ರಚಾರಕ್ಕೆ ತಂದ ಮೂರು ವೃತ್ತಗಳ ಚಿತ್ರದಲ್ಲಿ ಹೊರಭಾಗವೂ ಸೇರಿ ಎಂಟು ಪ್ರದೇಶಗಳಿರುವುದು ಇದೇ ಕಾರಣಕ್ಕೆ. ಒಂದೇ ಪ್ರದೇಶದಲ್ಲಿ ಕೂತ ಎರಡು ವಸ್ತುಗಳನ್ನು ಈ ಭಾಷೆ ಬೇರೆ ಮಾಡಿ ಹೇಳಲಾರದು.

ಇದರ ಪರಿಣಾಮ ದೊಡ್ಡದು. ಒಂದು ವಾಕ್ಯ ಯಾವುದೋ ಅನಂತ ವಸ್ತುಕ್ಷೇತ್ರದಲ್ಲಿ ನಿಜವಾಗಿದೆ ಎನ್ನಿ. ಪ್ರತಿ ಬಗೆಯಿಂದ ಒಂದೊಂದೇ ಪ್ರತಿನಿಧಿಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟರೂ ವಾಕ್ಯದ ನಿಜತ್ವ ಬದಲಾಗುವುದಿಲ್ಲ. ಹಾಗಾಗಿ ಮೂರು ವಿಧೇಯಗಳ ವಾಕ್ಯ ಎಲ್ಲಾದರೂ ನಿಜವಾಗುವುದಾದರೆ ಎಂಟು ಅಥವಾ ಅದಕ್ಕಿಂತ ಕಡಿಮೆ ವಸ್ತುಗಳ ಕ್ಷೇತ್ರದಲ್ಲೇ ನಿಜವಾಗುತ್ತದೆ. ಎಂಟು ಪ್ರದೇಶಗಳಲ್ಲಿ ಯಾವುದು ಖಾಲಿ, ಯಾವುದು ಖಾಲಿಯಲ್ಲ ಎಂಬುದಷ್ಟೇ ಲೆಕ್ಕಕ್ಕೆ ಬರುವುದರಿಂದ, ಎಲ್ಲವೂ ಖಾಲಿಯಾಗಿರುವ ಒಂದನ್ನು ಬಿಟ್ಟು ಪರೀಕ್ಷಿಸಬೇಕಾದ ಮಾದರಿಗಳು 255. ವಿಧೇಯಗಳು ನಾಲ್ಕಾದರೆ ಬಗೆಗಳು 16, ಮಾದರಿಗಳು 65,535. ಸಂಖ್ಯೆ ಬೇಗ ಬೆಳೆಯುತ್ತದೆ, ಆದರೆ ಯಾವಾಗಲೂ ಸಾಂತವಾಗಿಯೇ ಇರುತ್ತದೆ. ತಾಳ್ಮೆಯಿಂದ ಒಂದೊಂದಾಗಿ ನೋಡಿದರೆ ಉತ್ತರ ಸಿಕ್ಕೇ ಸಿಗುತ್ತದೆ. ‘ಇದು ಅದೇ’ ಎಂಬ ತಾದಾತ್ಮ್ಯ ಎರಡು ಸ್ಥಾನದ್ದೇ ಆದರೂ ಅದರ ಅರ್ಥ ಎಲ್ಲ ಮಾದರಿಗಳಲ್ಲೂ ಒಂದೇ; ಅದನ್ನು ಸೇರಿಸಿಕೊಂಡರೂ ಚಿತ್ರ ಕೆಡುವುದಿಲ್ಲ. ಆಗ ಪ್ರತಿ ಬಗೆಯಿಂದ ಒಂದರ ಬದಲು, ವಾಕ್ಯದಲ್ಲಿ ಒಂದರೊಳಗೊಂದು ಕೂತ ಪರಿಮಾಣಸೂಚಕಗಳ ಸಂಖ್ಯೆಯಷ್ಟು ಪ್ರತಿನಿಧಿಗಳನ್ನು ಉಳಿಸಿಕೊಂಡರೆ ಸಾಕು.

ಇದೇ ವಿಷಯವನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬಹುದು. ಒಂದು ಸ್ಥಾನದ ವಿಧೇಯದೊಳಗೆ ಒಂದೇ ಚರ ಇರುತ್ತದೆ. ಆದ್ದರಿಂದ ಒಂದು ಪರಿಮಾಣಸೂಚಕದ ಒಳಗೆ ಇನ್ನೊಂದು ಕೂತಿದ್ದರೂ, ಪ್ರತಿ ತುಂಡನ್ನು ತನ್ನದೇ ಸೂಚಕದ ಬಳಿಗೆ ಸರಿಸಿ ಎರಡನ್ನೂ ಬಿಡಿಸಬಹುದು. ಕೊನೆಗೆ ‘ಇಂಥ ಬಗೆಯ ವಸ್ತು ಇದೆ’, ‘ಇಂಥ ಬಗೆಯದು ಇಲ್ಲ’ ಎಂಬ ಬಿಡಿ ಹೇಳಿಕೆಗಳ ಸಂಯೋಜನೆ ಮಾತ್ರ ಉಳಿಯುತ್ತದೆ. ಒಂದು ಸ್ಥಾನದ ತರ್ಕದಲ್ಲಿ ಪರಿಮಾಣಸೂಚಕಗಳ ಆಳ ತೋರಿಕೆಯದು.

ಎರಡನೆಯ ಸ್ಥಾನ ತೆರೆದಾಗ

ಈಗ ಎರಡು ಸ್ಥಾನದ ಒಂದೇ ವಿಧೇಯವನ್ನು ತೆಗೆದುಕೊಳ್ಳೋಣ; ಅದನ್ನು ‘ಮೇಲು’ ಎಂದು ಕರೆಯೋಣ. ಮೂರು ಷರತ್ತುಗಳನ್ನು ಹಾಕೋಣ. ಯಾವುದೂ ತನಗಿಂತ ತಾನೇ ಮೇಲಲ್ಲ. ಮೊದಲನೆಯದಕ್ಕಿಂತ ಎರಡನೆಯದು ಮೇಲು, ಎರಡನೆಯದಕ್ಕಿಂತ ಮೂರನೆಯದು ಮೇಲು ಎಂದಾದರೆ ಮೊದಲನೆಯದಕ್ಕಿಂತ ಮೂರನೆಯದು ಮೇಲು. ಪ್ರತಿಯೊಂದಕ್ಕೂ ಅದಕ್ಕಿಂತ ಮೇಲಾದದ್ದು ಒಂದಿದೆ. ಸ್ವಾಭಾವಿಕ ಸಂಖ್ಯೆಗಳಲ್ಲಿ ‘ದೊಡ್ಡದು’ ಎಂಬ ಸಂಬಂಧ ಮೂರನ್ನೂ ಪೂರೈಸುತ್ತದೆ. ಸಾಂತ ಕ್ಷೇತ್ರದಲ್ಲಿ ಮಾತ್ರ ಇದು ಅಸಾಧ್ಯ. ಯಾವುದೋ ಒಂದರಿಂದ ಹೊರಟು ಅದಕ್ಕಿಂತ ಮೇಲಿನದು, ಅದಕ್ಕಿಂತ ಮೇಲಿನದು ಎಂದು ಹತ್ತುತ್ತ ಹೋದರೆ, ವಸ್ತುಗಳು ಸಾಂತವಾಗಿರುವುದರಿಂದ ಎಲ್ಲೋ ಒಂದು ಕಡೆ ಹಿಂದೆ ಬಂದುಹೋದ ವಸ್ತುವೇ ಮತ್ತೆ ಸಿಗುತ್ತದೆ. ಎರಡನೆಯ ಷರತ್ತಿನಂತೆ ಅದು ತನಗಿಂತ ತಾನೇ ಮೇಲಾಗಬೇಕು. ಮೊದಲ ಷರತ್ತು ಅದನ್ನು ನಿಷೇಧಿಸುತ್ತದೆ.

ಸಾಂತ ಕ್ಷೇತ್ರದಲ್ಲಿ ಎಲ್ಲೂ ನಿಜವಾಗದೆ, ಅನಂತದಲ್ಲಿ ಮಾತ್ರ ನಿಜವಾಗುವ ವಾಕ್ಯ ಹೀಗೆ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಸಣ್ಣ ಕ್ಷೇತ್ರಗಳನ್ನು ಒಂದೊಂದಾಗಿ ಪರೀಕ್ಷಿಸುವ ವಿಧಾನಕ್ಕೆ ಇದರಿಂದ ತಳಪಾಯ ತಪ್ಪಿತು. ಎಣಿಕೆಯಲ್ಲೂ ಅಂತರ ಎದ್ದು ಕಾಣುತ್ತದೆ. ಐದು ವಸ್ತುಗಳ ಕ್ಷೇತ್ರದಲ್ಲಿ ಒಂದು ಸ್ಥಾನದ ವಿಧೇಯವನ್ನು 32 ರೀತಿಯಲ್ಲಿ ಗೊತ್ತುಮಾಡಬಹುದು. ಎರಡು ಸ್ಥಾನದ್ದನ್ನು 3,35,54,432 ರೀತಿಯಲ್ಲಿ. ಆದರೂ ಮುಖ್ಯ ಕಾರಣ ಈ ಗಾತ್ರವಲ್ಲ. ಎರಡು ಸ್ಥಾನದ ವಿಧೇಯ ಎರಡು ಚರಗಳನ್ನು ಒಂದೇ ತುಂಡಿನೊಳಗೆ ಕಟ್ಟಿಹಾಕುತ್ತದೆ. ಹಾಗಾಗಿ ಅವುಗಳ ಪರಿಮಾಣಸೂಚಕಗಳನ್ನು ಮೊದಲಿನಂತೆ ಬಿಡಿಸಲಾಗುವುದಿಲ್ಲ. ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡದೊಂದು ಇದೆ ಎಂಬುದು ನಿಜ. ಎಲ್ಲ ಸಂಖ್ಯೆಗಳಿಗಿಂತ ದೊಡ್ಡದೊಂದು ಇದೆ ಎಂಬುದು ಸುಳ್ಳು. ಎರಡರಲ್ಲೂ ಅವೇ ಸೂಚಕಗಳು, ಅದೇ ವಿಧೇಯ. ಬೇರೆಯಾಗಿರುವುದು ಕ್ರಮ ಮಾತ್ರ.

ಈ ಕ್ರಮದ ಸೂಕ್ಷ್ಮತೆ ಗಣಿತಕ್ಕೇ ಕಷ್ಟ ಕೊಟ್ಟದ್ದಿದೆ. ಅವಿಚ್ಛಿನ್ನ ಫಂಕ್ಷನ್‌ಗಳ ಶ್ರೇಣಿ ಒಮ್ಮುಖವಾದರೆ ಅದರ ಮೊತ್ತವೂ ಅವಿಚ್ಛಿನ್ನ ಎಂದು ಕೋಶಿ 1821ರ ಪಠ್ಯದಲ್ಲಿ ಪ್ರಮೇಯವಾಗಿ ಕೊಟ್ಟ. ಇದಕ್ಕೆ ಅಪವಾದಗಳಿವೆ ಎಂದು ಆಬೆಲ್ 1826ರಲ್ಲಿ ತ್ರಿಕೋನಮಿತಿಯ ಶ್ರೇಣಿಯೊಂದರ ಮೂಲಕ ತೋರಿಸಿದ. ಮುಂದೆ ಏಕರೂಪ ಒಮ್ಮುಖತೆ ಎಂಬ ಪರಿಕಲ್ಪನೆ ಬೆಳೆದು ವಿಷಯ ಸ್ಪಷ್ಟವಾಯಿತು. ತಪ್ಪಿನ ಮಿತಿಯೊಂದನ್ನು ಕೊಟ್ಟಾಗ, ಪ್ರತಿ ಬಿಂದುವಿಗೂ ಅದರದೇ ಆದ ಹಂತವೊಂದಿದ್ದು ಅದರಾಚೆ ತಪ್ಪು ಮಿತಿಯೊಳಗೆ ಬರುತ್ತದೆ ಎಂಬುದು ಬಿಡಿಬಿಡಿಯಾದ ಒಮ್ಮುಖತೆ. ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ ಹಂತ ಇದೆ ಎಂಬುದು ಏಕರೂಪ ಒಮ್ಮುಖತೆ. ಮಿತಿ, ಬಿಂದು, ಹಂತ ಈ ಮೂರನ್ನು ಕಟ್ಟುವ ವಿಧೇಯ ಎರಡು ಕಡೆಯೂ ಒಂದೇ. ಪರಿಮಾಣಸೂಚಕಗಳ ಸರದಿ ಬೇರೆ. ಒಂದು ಸ್ಥಾನದ ವಿಧೇಯಗಳ ಭಾಷೆಯಲ್ಲಿ ಈ ವ್ಯತ್ಯಾಸವನ್ನು ಬರೆಯುವುದಕ್ಕೇ ಆಗದು.

ಲೋವನ್‌ಹೈಮ್‌ನ 1915ರ ಪ್ರಬಂಧ

ಗಡಿಯ ಎರಡು ಬದಿಗಳೂ ಒಂದೇ ಪ್ರಬಂಧದಲ್ಲಿ ಕಾಣಿಸಿಕೊಂಡವು ಎಂಬುದು ತರ್ಕದ ಇತಿಹಾಸದಲ್ಲಿ ಗಮನಿಸಲೇಬೇಕಾದ ಸಂಗತಿ. ಬರ್ಲಿನ್ನಿನಲ್ಲಿ ಶಾಲಾ ಶಿಕ್ಷಕನಾಗಿದ್ದ ಲಿಯೋಪೋಲ್ಡ್ ಲೋವನ್‌ಹೈಮ್ 1915ರಲ್ಲಿ ‘ಮಥೆಮಾಟಿಷೆ ಅನ್ನಾಲೆನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಪ್ರಬಂಧ ಪರ್ಸ್ ಮತ್ತು ಶ್ರೋಡರ್‌ರ ಸಂಕೇತಪದ್ಧತಿಯಲ್ಲಿದೆ. ಸುಸಂಗತವಾದ ವಾಕ್ಯಕ್ಕೆ ಎಣಿಸಬಹುದಾದ ಗಾತ್ರದ ಮಾದರಿ ಇದ್ದೇ ಇರುತ್ತದೆ ಎಂಬ ಪ್ರಮೇಯಕ್ಕಾಗಿ ಅದು ಪ್ರಸಿದ್ಧ. ಆದರೆ ಈ ಟಿಪ್ಪಣಿಗೆ ಹೆಚ್ಚು ಬೇಕಾದವು ಅದರಲ್ಲಿರುವ ಇನ್ನೆರಡು ಫಲಿತಾಂಶಗಳು.

ಮೊದಲನೆಯದು: ಒಂದು ಸ್ಥಾನದ ವಿಧೇಯಗಳಷ್ಟೇ ಇದ್ದಲ್ಲಿ, ಎಲ್ಲ ಸಾಂತ ಕ್ಷೇತ್ರಗಳಲ್ಲಿ ಸರಿಯಾಗಿದ್ದು ಅನಂತದಲ್ಲಿ ತಪ್ಪಿಹೋಗುವ ವಾಕ್ಯಗಳೇ ಇಲ್ಲ. ಅಂದರೆ ಸಾಂತವನ್ನು ಪರೀಕ್ಷಿಸಿದರೆ ಸಾಕು. ಎರಡನೆಯದು: ಎಷ್ಟೇ ಸ್ಥಾನಗಳ ವಿಧೇಯಗಳಿರುವ ವಾಕ್ಯದ ಪ್ರಶ್ನೆಯನ್ನೂ ಎರಡು ಸ್ಥಾನದ ವಿಧೇಯಗಳಷ್ಟೇ ಇರುವ ವಾಕ್ಯದ ಪ್ರಶ್ನೆಗೆ ಇಳಿಸಬಹುದು. ಈ ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಸ್ಥಾನದಲ್ಲಿ ನಿರ್ಣಯ ಸಾಧ್ಯ, ಎರಡು ಸ್ಥಾನದಲ್ಲಿ ಇಡೀ ಗಣಿತವೇ ಅಡಗಿದೆ ಎಂಬ ಚಿತ್ರ ಸಿಗುತ್ತದೆ. ಸ್ಕೋಲೆಮ್ 1919ರಲ್ಲೂ ಬೆಹ್ಮನ್ 1922ರಲ್ಲೂ ಒಂದು ಸ್ಥಾನದ ತರ್ಕದ ನಿರ್ಣಯವಿಧಾನವನ್ನು ಬೇರೆ ದಾರಿಗಳಿಂದ ಮತ್ತೆ ಸಾಧಿಸಿದರು.

ಮೂರನ್ನು ಎರಡಕ್ಕೆ ಇಳಿಸುವ ಉಪಾಯವನ್ನು ಇಂದಿನ ಪರಿಭಾಷೆಯಲ್ಲಿ ಹೀಗೆ ವಿವರಿಸಬಹುದು. ಅಜ್ಜಿ ಮೊಮ್ಮಗಳಿಗೆ ಪುಸ್ತಕ ಕೊಟ್ಟಳು ಎಂಬಲ್ಲಿ ‘ಕೊಡು’ ಎಂಬುದು ಮೂರು ಸ್ಥಾನದ ವಿಧೇಯ. ಇದರ ಬದಲು ಕೊಟ್ಟ ಘಟನೆಯನ್ನೇ ಒಂದು ವಸ್ತುವೆಂದು ಕ್ಷೇತ್ರಕ್ಕೆ ಸೇರಿಸಿ, ಆ ಘಟನೆಯ ಕರ್ತೃ ಅಜ್ಜಿ, ಕರ್ಮ ಪುಸ್ತಕ, ಸಂಪ್ರದಾನ ಮೊಮ್ಮಗಳು ಎಂದು ಎರಡೆರಡು ಸ್ಥಾನದ ಮೂರು ಸಂಬಂಧಗಳಾಗಿ ಹೇಳಬಹುದು. ಕನ್ನಡ ವ್ಯಾಕರಣದ ಕಾರಕ ಪ್ರಕರಣ ಓದಿದವರಿಗೆ ಈ ವಿಶ್ಲೇಷಣೆ ಅಪರಿಚಿತವಲ್ಲ. ಕ್ರಿಯಾವಾಕ್ಯಗಳ ತರ್ಕರೂಪದ ಕುರಿತು ಡೊನಾಲ್ಡ್ ಡೇವಿಡ್‌ಸನ್ 1967ರಲ್ಲಿ ಘಟನೆಗಳನ್ನು ವಸ್ತುಗಳಾಗಿ ಎಣಿಸಬೇಕೆಂದು ವಾದಿಸಿದ್ದೂ ಇದೇ ಜಾಡಿನಲ್ಲಿ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಿಜವಾದ ಮೂರು ಸ್ಥಾನದ ಸಂಬಂಧವನ್ನು ಎರಡು ಸ್ಥಾನದವುಗಳಿಂದ ಕಟ್ಟಲಾಗದು ಎಂದು ಪರ್ಸ್ ಮತ್ತೆ ಮತ್ತೆ ಒತ್ತಿ ಹೇಳಿದ್ದಾನೆ. ಹಾಗಾದರೆ ಅವನದು ತಪ್ಪೇ, ಲೋವನ್‌ಹೈಮ್‌ನದು ತಪ್ಪೇ? ಎರಡೂ ತಪ್ಪಲ್ಲ; ಪ್ರಶ್ನೆಗಳೇ ಬೇರೆ. ಪರ್ಸ್ ಕೇಳುವುದು ಇರುವ ವಸ್ತುಗಳ ನಡುವೆ, ತಾನು ಒಪ್ಪಿಕೊಂಡ ಜೋಡಣೆಗಳಿಂದ ಮಾತ್ರ ಮೂರನ್ನು ಎರಡಾಗಿ ಒಡೆಯಬಹುದೇ ಎಂದು. ಮೇಲಿನ ಉಪಾಯ ಕ್ಷೇತ್ರಕ್ಕೆ ಹೊಸ ವಸ್ತುಗಳನ್ನು ಸೇರಿಸುತ್ತದೆ, ಮತ್ತು ಉಳಿಸಿಕೊಳ್ಳುವುದು ಸುಸಂಗತತೆಯನ್ನು ಮಾತ್ರ. ಕೊಟ್ಟ ಘಟನೆಯನ್ನು ಮಧ್ಯದಲ್ಲಿಟ್ಟು ಮೂರು ಎಳೆಗಳನ್ನು ಹೊರಡಿಸಿದಾಗ ಮೂರರ ಕೂಡುವಿಕೆ ಆ ಹೊಸ ವಸ್ತುವಿನಲ್ಲಿ ಉಳಿದೇ ಇರುತ್ತದೆ. ನಿರ್ಣಯದ ಪ್ರಶ್ನೆಗೆ ಅಷ್ಟು ಸಾಕು. ಅರ್ಥವಿಶ್ಲೇಷಣೆಯ ಪ್ರಶ್ನೆಗೆ ಸಾಲದಿರಬಹುದು. ಈ ಭೇದವನ್ನು ಮರೆತು ಎಲ್ಲ ಸಂಬಂಧಗಳೂ ಮೂಲತಃ ಎರಡು ಸ್ಥಾನದವೇ ಎಂದುಬಿಡುವುದು ಆತುರದ ತೀರ್ಮಾನ.

1936: ಇಲ್ಲ ಎಂಬ ಉತ್ತರ

ಹಿಲ್ಬರ್ಟ್ ಮತ್ತು ಆಕರ್‌ಮನ್ 1928ರಲ್ಲಿ ಪ್ರಕಟಿಸಿದ ತರ್ಕದ ಪಠ್ಯ, ಯಾವುದೇ ವಾಕ್ಯದ ಸಿಂಧುತ್ವವನ್ನು ಸಾಂತ ಹೆಜ್ಜೆಗಳಲ್ಲಿ ತೀರ್ಮಾನಿಸುವ ವಿಧಾನವನ್ನು ಹುಡುಕುವುದು ಗಣಿತ ತರ್ಕದ ಮುಖ್ಯ ಸಮಸ್ಯೆ ಎಂದು ಸಾರಿತು. ಮರುವರ್ಷ ವಿಯೆನ್ನಾದಲ್ಲಿ ಕುರ್ಟ್ ಗೋಡೆಲ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಸಿಂಧುವಾದ ಪ್ರತಿ ವಾಕ್ಯಕ್ಕೂ ಸಾಧನೆ ಇದೆ ಎಂದು ತೋರಿಸಿದ. ಸಾಧನೆಗಳನ್ನು ಒಂದಾದ ಮೇಲೊಂದರಂತೆ ಪಟ್ಟಿಮಾಡುತ್ತ ಹೋದರೆ ಸಿಂಧುವಾದ ವಾಕ್ಯ ಎಂದಾದರೂ ಸಿಕ್ಕೇ ಸಿಗುತ್ತದೆ. ಸಿಂಧುವಲ್ಲದ ವಾಕ್ಯದ ವಿಷಯದಲ್ಲಿ ಹುಡುಕಾಟ ಯಾವಾಗ ನಿಲ್ಲಿಸಬೇಕು ಎಂಬುದೇ ಉಳಿದ ಪ್ರಶ್ನೆ.

1936ರಲ್ಲಿ ಪ್ರಿನ್ಸ್‌ಟನ್ನಿನ ಅಲೊಂಜೊ ಚರ್ಚ್, ಕೇಂಬ್ರಿಜ್‌ನ ಅಲನ್ ಟ್ಯೂರಿಂಗ್ ಇಬ್ಬರೂ ಬೇರೆ ಬೇರೆ ದಾರಿಯಿಂದ ಅಂಥ ಸಾಮಾನ್ಯ ವಿಧಾನ ಇರಲಾರದೆಂದು ಸಾಧಿಸಿದರು. ಟ್ಯೂರಿಂಗ್‌ನ ದಾರಿ ನಮ್ಮ ವಿಷಯಕ್ಕೆ ಹತ್ತಿರ. ಒಂದು ಗಣಕಯಂತ್ರದ ನಡೆಯನ್ನು ವಿಧೇಯಗಳ ಮೂಲಕ ಬರೆಯಬಹುದು: ಇಂಥ ಕ್ಷಣದಲ್ಲಿ ಇಂಥ ಚೌಕದಲ್ಲಿ ಇಂಥ ಚಿಹ್ನೆ ಇದೆ. ಕ್ಷಣ ಮತ್ತು ಚೌಕ ಎಂಬ ಎರಡು ಸ್ಥಾನಗಳು ಬೇಕೇ ಬೇಕು. ಯಂತ್ರದ ನಡೆಯನ್ನು ಕುರಿತು ಉತ್ತರಿಸಲಾಗದ ಪ್ರಶ್ನೆಗಳಿವೆ; ಆದ್ದರಿಂದ ಅದನ್ನು ವರ್ಣಿಸುವ ವಾಕ್ಯದ ಬಗ್ಗೆಯೂ ಉತ್ತರಿಸಲಾಗದು. ಅದೇ ಅವಧಿಯಲ್ಲಿ ಹಂಗೇರಿಯ ಲಾಸ್ಲೊ ಕಲ್ಮಾರ್, ನಿರ್ಣಯ ಸಮಸ್ಯೆಯನ್ನು ಎರಡು ಸ್ಥಾನದ ಒಂದೇ ಒಂದು ವಿಧೇಯವಿರುವ ವಾಕ್ಯಗಳಿಗೆ ಇಳಿಸಿಬಿಟ್ಟ. ಎರಡೂ ಫಲಿತಾಂಶ ಸೇರಿದಾಗ ಗಡಿ ಸ್ಪಷ್ಟವಾಯಿತು: ಒಂದು ಸ್ಥಾನದ ವಿಧೇಯಗಳು ಎಷ್ಟಿದ್ದರೂ ನಿರ್ಣಯ ಸಾಧ್ಯ, ಎರಡು ಸ್ಥಾನದ್ದು ಒಂದೇ ಇದ್ದರೂ ಸಾಮಾನ್ಯವಾಗಿ ಅಸಾಧ್ಯ.

ಸಾಂತ ಕ್ಷೇತ್ರಗಳಿಗೆ ಮಾತ್ರ ಅಂಟಿಕೊಂಡರೂ ಪರಿಸ್ಥಿತಿ ಸುಧಾರಿಸುವುದಿಲ್ಲ. ಒಂದು ವಾಕ್ಯ ಯಾವುದಾದರೂ ಸಾಂತ ಕ್ಷೇತ್ರದಲ್ಲಿ ನಿಜವಾಗುವುದೇ ಎಂಬ ಪ್ರಶ್ನೆಗೂ ಸಾಮಾನ್ಯ ನಿರ್ಣಯವಿಧಾನವಿಲ್ಲ ಎಂದು ಸೋವಿಯತ್ ಗಣಿತಜ್ಞ ಬೋರಿಸ್ ಟ್ರಾಖ್ತೆನ್‌ಬ್ರಾಟ್ 1950ರಲ್ಲಿ ತೋರಿಸಿದ. ಈ ಫಲಿತಾಂಶಕ್ಕೆ ಇಂದು ವ್ಯಾವಹಾರಿಕ ಮಹತ್ವವಿದೆ. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಸಂಬಂಧಾಧಾರಿತ ಡೇಟಾಬೇಸ್‌ನಲ್ಲಿ ಪ್ರತಿ ಕೋಷ್ಟಕವೂ ಒಂದು ವಿಧೇಯ, ಪ್ರತಿ ಕಾಲಂ ಅದರ ಒಂದು ಸ್ಥಾನ. ಕೊಟ್ಟ ದತ್ತಾಂಶದ ಮೇಲೆ ಪ್ರಶ್ನೆಯೊಂದನ್ನು ಓಡಿಸಿ ಉತ್ತರ ಪಡೆಯುವುದು ಸದಾ ಸಾಧ್ಯ. ಆದರೆ ಮೊದಲ ದರ್ಜೆಯ ತರ್ಕದ ಪೂರ್ಣ ಶಕ್ತಿಯುಳ್ಳ ಎರಡು ಪ್ರಶ್ನೆಗಳು ಎಲ್ಲ ದತ್ತಾಂಶಗಳ ಮೇಲೂ ಒಂದೇ ಉತ್ತರ ಕೊಡುತ್ತವೆಯೇ ಎಂದು ತೀರ್ಮಾನಿಸುವ ಸಾಮಾನ್ಯ ವಿಧಾನ ಇಲ್ಲ.

ಗಡಿಯನ್ನು ಇನ್ನೂ ಹತ್ತಿರದಿಂದ

ಸ್ಥಾನಗಳ ಸಂಖ್ಯೆಯೊಂದೇ ಗಡಿಯನ್ನು ನಿರ್ಧರಿಸುತ್ತದೆ ಎಂದರೆ ಮಾತು ಪೂರ್ತಿಯಾಗುವುದಿಲ್ಲ. ಎರಡು ಸ್ಥಾನದ ವಿಧೇಯಗಳು ಎಷ್ಟೇ ಇರಲಿ, ಇಡೀ ವಾಕ್ಯದಲ್ಲಿ ಎರಡೇ ಚರಗಳನ್ನು ಮರುಬಳಕೆ ಮಾಡುತ್ತ ಬರೆದರೆ ನಿರ್ಣಯ ಮತ್ತೆ ಸಾಧ್ಯವಾಗುತ್ತದೆ. ಅಂಥ ಸುಸಂಗತ ವಾಕ್ಯಕ್ಕೆ ಸಾಂತ ಮಾದರಿ ಇದ್ದೇ ಇರುತ್ತದೆ ಎಂದು ಮಾರ್ಟಿಮರ್ 1975ರಲ್ಲಿ ಸಾಧಿಸಿದ. ಆ ಮಾದರಿಯ ಗಾತ್ರ ವಾಕ್ಯದ ಉದ್ದದ ಘಾತೀಯ ಮಿತಿಯೊಳಗೇ ಇರುತ್ತದೆಂದು ಗ್ರೇಡೆಲ್, ಕೊಲಾಯ್ಟಿಸ್, ವಾರ್ಡಿ 1997ರಲ್ಲಿ ತೋರಿಸಿದರು. ನಮ್ಮ ‘ಮೇಲು’ ಉದಾಹರಣೆಯಲ್ಲಿ ಎರಡನೆಯ ಷರತ್ತಿಗೆ ಮೂರು ಚರಗಳು ಬೇಕಾದದ್ದು ಆಕಸ್ಮಿಕವಲ್ಲ; ಎರಡೇ ಚರಗಳಿಂದ ಅನಂತವನ್ನು ಬಲವಂತವಾಗಿ ತರಲಾಗದು.

ಮೂರನೆಯ ಚರ ಬಂದಾಗ ಏನಾಗುತ್ತದೆ ಎಂಬುದನ್ನು ಟೈಲ್ಸ್ ಹಾಸುವ ಸಮಸ್ಯೆ ಚೆನ್ನಾಗಿ ತೋರಿಸುತ್ತದೆ. ನಾಲ್ಕು ಅಂಚಿಗೂ ಬಣ್ಣ ಬಳಿದ ಚೌಕ ಟೈಲ್‌ಗಳ ಕೆಲವು ನಮೂನೆಗಳಿವೆ. ತಿರುಗಿಸದೆ, ತಾಗುವ ಅಂಚುಗಳ ಬಣ್ಣ ಹೊಂದುವಂತೆ ಕೊನೆಯಿಲ್ಲದ ನೆಲವನ್ನು ತುಂಬಬೇಕು. ಇದನ್ನು ತರ್ಕಕ್ಕೆ ತಂದವನು ಹಾವ್ ವಾಂಗ್. ಪ್ರತಿ ನಮೂನೆಗೂ ಎರಡು ಸ್ಥಾನದ ಒಂದು ವಿಧೇಯ: ಇಂಥ ಅಡ್ಡಸಂಖ್ಯೆ, ಇಂಥ ಉದ್ದಸಂಖ್ಯೆಯ ಚೌಕದಲ್ಲಿ ಈ ನಮೂನೆ ಇದೆ. ಪ್ರತಿ ಸಂಖ್ಯೆಗೂ ಮುಂದಿನದೊಂದು ಇದ್ದು, ಮೂರನೆಯ ಸಂಖ್ಯೆ ಯಾವುದೇ ಆಗಿರಲಿ ಅಕ್ಕಪಕ್ಕದ ಮತ್ತು ಮೇಲುಕೆಳಗಿನ ನಮೂನೆಗಳು ಹೊಂದಬೇಕು ಎಂದು ಬರೆದರೆ ‘ಪ್ರತಿ, ಇದೆ, ಪ್ರತಿ’ ಎಂಬ ಮೂರೇ ಪರಿಮಾಣಸೂಚಕಗಳ ವಾಕ್ಯ ಸಿದ್ಧ. ಕರ್ಣರೇಖೆಯ ಮೇಲಿನ ನಮೂನೆಗಳಿಗೆ ನಿರ್ಬಂಧ ಹಾಕಿದ ಹಾಸಿಕೆಯ ಮೂಲಕ ಕಾರ್, ಮೂರ್ ಮತ್ತು ವಾಂಗ್ 1962ರಲ್ಲಿ ಈ ರೂಪದ ವಾಕ್ಯಗಳಿಗೂ ಸಾಮಾನ್ಯ ನಿರ್ಣಯವಿಧಾನ ಇಲ್ಲವೆಂದು ಸಾಧಿಸಿದರು. ನಿರ್ಬಂಧವಿಲ್ಲದ ಹಾಸಿಕೆಯ ಸಮಸ್ಯೆಯೂ ಅನಿರ್ಣೇಯವೇ ಎಂದು ರಾಬರ್ಟ್ ಬರ್ಗರ್ 1966ರಲ್ಲಿ ತೋರಿಸಿದ.

ಇನ್ನೊಂದು ತಿದ್ದುಪಡಿ 1998ರಲ್ಲಿ ಆಂಡ್ರೇಕಾ, ವಾನ್ ಬೆಂಥೆಮ್, ನೆಮೆಟಿ ಅವರಿಂದ ಬಂತು. ವಿಧೇಯಗಳ ಸ್ಥಾನಗಳು ಎಷ್ಟಿದ್ದರೂ, ಪ್ರತಿ ಪರಿಮಾಣಸೂಚಕಕ್ಕೂ ಒಂದು ಕಾವಲು ವಿಧೇಯವಿದ್ದು, ಆ ಹೇಳಿಕೆಯ ಚರಗಳೆಲ್ಲ ಅದರಲ್ಲಿ ಒಟ್ಟಿಗೆ ಕಾಣಿಸಿಕೊಳ್ಳಬೇಕು ಎಂಬ ಕಟ್ಟಳೆ ಹಾಕಿದರೆ ನಿರ್ಣಯ ಸಾಧ್ಯ. ಅಲ್ಲಿಯೂ ಸ್ಥಾನಸಂಖ್ಯೆ ತನ್ನ ಗುರುತು ಬಿಡುತ್ತದೆ: ಗ್ರೇಡೆಲ್ 1999ರಲ್ಲಿ ತೋರಿಸಿದಂತೆ, ಸ್ಥಾನಗಳಿಗೆ ಮಿತಿಯಿಲ್ಲದಿದ್ದರೆ ನಿರ್ಣಯಕ್ಕೆ ಬೇಕಾದ ಕಾಲ ಘಾತದ ಮೇಲೆ ಘಾತದಂತೆ ಬೆಳೆಯುತ್ತದೆ; ಮಿತಿ ಇದ್ದರೆ ಒಂದೇ ಘಾತ. ‘ಪ್ರತಿ, ಇದೆ, ಪ್ರತಿ’ ವಾಕ್ಯದಲ್ಲಿ ಇಲ್ಲದಿರುವುದು ಈ ಕಾವಲೇ. ಅಲ್ಲಿನ ಮೂರನೆಯ ಸಂಖ್ಯೆ ಯಾವ ಸಂಬಂಧದ ಹಂಗೂ ಇಲ್ಲದೆ ಕ್ಷೇತ್ರವನ್ನೆಲ್ಲ ಸುತ್ತುತ್ತದೆ.

ನಿಷ್ಕರ್ಷ

ಮೇಲಿನ ಸಾಕ್ಷ್ಯಗಳನ್ನು ಒಟ್ಟು ಮಾಡಿದರೆ ಮೂರು ಮಾತುಗಳನ್ನು ಖಚಿತವಾಗಿ ಹೇಳಬಹುದು. ಒಂದು, ವಿಧೇಯ ತರ್ಕದ ಶಕ್ತಿಯೂ ಮಿತಿಯೂ ಒಂದೇ ಮೂಲದಿಂದ ಬರುತ್ತವೆ; ಎರಡು ವಸ್ತುಗಳನ್ನು ಒಂದೇ ತುಂಡಿನಲ್ಲಿ ಕಟ್ಟುವ ಸಾಮರ್ಥ್ಯವೇ ಅನಂತವನ್ನೂ ಗಣಕಯಂತ್ರವನ್ನೂ ಭಾಷೆಯೊಳಗೆ ತರುತ್ತದೆ, ಅದೇ ಸಾಮರ್ಥ್ಯ ಯಾಂತ್ರಿಕ ನಿರ್ಣಯದ ದಾರಿಯನ್ನು ಮುಚ್ಚುತ್ತದೆ. ಎರಡು, ಗಡಿ ಇರುವುದು ಒಂದು ಮತ್ತು ಎರಡು ಸ್ಥಾನಗಳ ನಡುವೆ. ಅದರಾಚೆಗೆ ಸ್ಥಾನಗಳನ್ನು ಹೆಚ್ಚಿಸುವುದರಿಂದ ನಿರ್ಣಯದ ದೃಷ್ಟಿಯಲ್ಲಿ ಹೊಸ ಮಜಲು ಬರುವುದಿಲ್ಲ. ಮೂರು, ಗಡಿಯಾಚೆಗೂ ಸುರಕ್ಷಿತ ಪ್ರದೇಶಗಳಿವೆ. ಅವನ್ನು ಗುರುತಿಸಲು ಸ್ಥಾನಗಳ ಎಣಿಕೆ ಸಾಲದು, ಚರಗಳು ಎಷ್ಟು ಮತ್ತು ಅವು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂದು ನೋಡಬೇಕು.

ಇದರಿಂದ ಕಲಿಸುವವರಿಗೂ ಒಂದು ಮಾತು ಹುಟ್ಟುತ್ತದೆ. ಸಾಕ್ರಟೀಸನ ಮರ್ತ್ಯತ್ವದಿಂದ ಪಾಠ ಆರಂಭಿಸುವುದರಲ್ಲಿ ತಪ್ಪಿಲ್ಲ. ಅಲ್ಲೇ ನಿಂತರೆ ವಿದ್ಯಾರ್ಥಿಗೆ ಸಿಗುವುದು ವೆನ್ ಚಿತ್ರದಲ್ಲಿ ಅಡಗುವ ತರ್ಕ ಮಾತ್ರ. ಎಂಜಿನಿಯರಿಂಗ್ ತರಗತಿಯ ಡಿಸ್ಕ್ರೀಟ್ ಗಣಿತವನ್ನಾಗಲಿ, ಪದವಿಯ ವಿಶ್ಲೇಷಣ ಗಣಿತವನ್ನಾಗಲಿ ಕನ್ನಡದಲ್ಲಿ ಬರೆಯುವವರು, ಕಲಿಸುವವರು ಎರಡು ಸ್ಥಾನದ ವಿಧೇಯವನ್ನು ಮೊದಲ ವಾರದಲ್ಲೇ ತರಬೇಕು. ಪರಿಮಾಣಸೂಚಕಗಳ ಕ್ರಮ ಬದಲಾದರೆ ಅರ್ಥ ಹೇಗೆ ಬದಲಾಗುತ್ತದೆ ಎಂಬುದನ್ನು ಸಂಖ್ಯೆಗಳ ಉದಾಹರಣೆಯಿಂದಲೇ ತೋರಿಸಬೇಕು. ಆಧುನಿಕ ತರ್ಕ ಶುರುವಾಗುವುದು ಅಲ್ಲಿಂದ.